ಅಂಬಾಸಿಡರ್ ಮಾರ್ಕ್ 3ಗೆ ಫ್ಯಾನ್ ಬೆಲ್ಟ್: ಯಾವ ಸೈಜು ತಗೋಬೇಕು, ಹೇಗೆ ಹಾಕಬೇಕು?

ಜೇವರ್ಗಿ ರೋಡ್ ಮಾರ್ಕ್ 3 (ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ ಮನೆಯಲ್ಲಿ 1977ರ ಅಂಬಾಸಿಡರ್ ಮಾರ್ಕ್ 3 ಇದೆ. ಪೆಟ್ರೋಲ್, 1489 ಸಿಸಿ. ಅಪ್ಪಾಜಿ ಇಟ್ಟುಕೊಂಡಿದ್ದ ಗಾಡಿ, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಫ್ಯಾನ್ ಬೆಲ್ಟಿನ ಒಳಮೈಯಲ್ಲಿ ಅಡ್ಡಡ್ಡ ಬಿರುಕು ಬಿಟ್ಟಿದೆ, ಒಂದು ಅಂಚಿನಲ್ಲಿ ದಾರ ಎದ್ದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಅಂತ ಕೂಗುತ್ತದೆ, ಹೆಡ್‌ಲೈಟ್ ಹಾಕಿದರೆ ಇನ್ನೂ ಜಾಸ್ತಿ.

ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಅಂಬಾಸಿಡರ್ ಬೆಲ್ಟ್ ಕೊಡಿ ಅಂದೆ. ಎರಡು ತಂದಿಟ್ಟರು. ಒಂದರ ಮೇಲೆ ಎ-36 ಅಂತ ಇದೆ, ಮೈಯೆಲ್ಲಾ ಬಟ್ಟೆ ಸುತ್ತಿದ ಹಾಗೆ ಕಾಣುತ್ತದೆ. ಇನ್ನೊಂದರ ಮೇಲೆ 13×915 ಅಂತ ಇದೆ, ಒಳಗಡೆ ಹಲ್ಲು ಹಲ್ಲು. 36 ಇಂಚು ಅಂದರೆ 915 ಮಿಲಿಮೀಟರೇ ಅಲ್ವಾ, ಎರಡೂ ಒಂದೇ, ಯಾವುದಾದರೂ ತಗೊಳ್ಳಿ ಅಂದರು. ಲೆಕ್ಕವೇನೋ ಸರಿ ಇದೆ. ಆದರೆ ಎರಡನ್ನೂ ಒಂದರ ಮೇಲೊಂದು ಹಿಡಿದು ನೋಡಿದರೆ ಎ-36 ದೊಡ್ಡದಿದೆ, ಕಣ್ಣಿಗೇ ಗೊತ್ತಾಗುತ್ತದೆ. ಹಳೆಯ ಬೆಲ್ಟಿನ ನಂಬರ್ ಪೂರಾ ಅಳಿಸಿ ಹೋಗಿದೆ, ಹೀಗಾಗಿ ಎರಡನ್ನೂ ಬಿಟ್ಟು ಬಂದೆ. ಯಾವುದು ತಗೊಳ್ಳಲಿ? ಹಾಕುವ ಕೆಲಸ ನಾನೇ ಮಾಡಬೇಕು ಅಂತಿದ್ದೇನೆ, ಹಂತ ಹಂತವಾಗಿ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಹಳೇಗಾಡಿ ಕಾಕಾ (ಬೀದರ್)

ತಗೊಳ್ಳದೆ ಬಂದಿದ್ದು ಒಳ್ಳೆಯದಾಯಿತು ತಮ್ಮಾ. ನಿನ್ನ ಕಣ್ಣಿಗೆ ಕಂಡಿದ್ದೇ ಖರೆ, ಅವೆರಡೂ ಒಂದೇ ಅಲ್ಲ.

ಎ-36ರಲ್ಲಿ ಎ ಅನ್ನುವುದು ಅಡ್ಡ ಅಳತೆ. ಮೇಲ್ಗಡೆ 13 ಮಿಮೀ ಅಗಲ, 8 ಮಿಮೀ ದಪ್ಪ. 36 ಅನ್ನುವುದು ಬೆಲ್ಟಿನ ಒಳಸುತ್ತಳತೆ, ಇಂಚಿನಲ್ಲಿ. ಗಿರಣಿ, ಪಂಪು, ಮೋಟಾರಿನ ಬೆಲ್ಟುಗಳಿಗೆಲ್ಲಾ ಹೀಗೇ ಬರೆಯುತ್ತಾರೆ. ಮೋಟಾರು ಗಾಡಿಯ ಬೆಲ್ಟಿನ ಮೇಲೆ ಸಾಮಾನ್ಯವಾಗಿ ಹೊರಸುತ್ತಳತೆ ಇರುತ್ತದೆ, ಅದೂ ಮಿಲಿಮೀಟರಿನಲ್ಲಿ. ಎಷ್ಟೋ ಸಲ ಪಕ್ಕದಲ್ಲಿ ಎಲ್‌ಎ ಅಂತ ಅಚ್ಚಾಗಿರುತ್ತದೆ, ಅದು ಹೊರ ಅಳತೆಯ ಗುರುತು.

ಒಳ ಅಳತೆಗೂ ಹೊರ ಅಳತೆಗೂ ಎಷ್ಟು ಫರಕು ಅನ್ನುವುದು ಸುಲಭದ ಲೆಕ್ಕ. ಬೆಲ್ಟಿನ ದಪ್ಪವನ್ನು ಎರಡರಿಂದ ಗುಣಿಸಿ, ಬಂದದ್ದನ್ನು 3.14ರಿಂದ ಗುಣಿಸು. 8 ಮಿಮೀ ದಪ್ಪಕ್ಕೆ ಸುಮಾರು 50 ಮಿಮೀ ಬರುತ್ತದೆ. ಅಂದರೆ ಎ-36ರ ಒಳಸುತ್ತು 914, ಹೊರಸುತ್ತು ಸುಮಾರು 965. ನಿನಗೆ ತೋರಿಸಿದ ಇನ್ನೊಂದರ ಹೊರಸುತ್ತು 915. ಎರಡಕ್ಕೂ 5 ಸೆಂಟಿಮೀಟರ್ ಅಂತರ! ಬೆಲ್ಟು ಬಿಗಿ ಮಾಡಲು ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಸರಿಸುವ ಪಟ್ಟಿಯ ಸೀಳು ಅಷ್ಟು ಅಂತರವನ್ನು ನುಂಗುವುದಿಲ್ಲ. ಒಂದು ಸರಿ ಕೂತರೆ ಇನ್ನೊಂದು ಪಕ್ಕಾ ಕೂರುವುದಿಲ್ಲ, ಅಥವಾ ಎರಡೂ ಕೂರುವುದಿಲ್ಲ.

ಇನ್ನೊಂದು ಮಾತು. "ಅಂಬಾಸಿಡರ್ ಬೆಲ್ಟ್" ಅಂತ ಕೇಳುವುದನ್ನೇ ಬಿಟ್ಟುಬಿಡು. ಈ ಗಾಡಿ 1950ರ ದಶಕದ ಕೊನೆಯಿಂದ 2014ರ ತನಕ ತಯಾರಾಯಿತು. ನಿನ್ನದರಲ್ಲಿರುವುದು ಬಿಎಂಸಿ ಬಿ ಸಿರೀಸ್ ಪೆಟ್ರೋಲ್ ಇಂಜಿನ್. ಆಮೇಲೆ ಡೀಸೆಲ್ ಬಂತು, 90ರ ದಶಕದಲ್ಲಿ ಇಸುಜು 1800 ಬಂತು, ಎಸಿ ಇರುವ ಗಾಡಿಗಳೂ ಬಂದವು. ಹೆಸರು ಒಂದೇ ಇದ್ದ ಮಾತ್ರಕ್ಕೆ ಬೆಲ್ಟು ಒಂದೇ ಇರುವುದಿಲ್ಲ. ನಿನ್ನ ಗಾಡಿಯ ಮೇಲೆ ಈಗ ಏನೇನು ಕೂತಿದೆಯೋ ಅದನ್ನು ಅಳೆದುಕೊಂಡು ಅಂಗಡಿಗೆ ಹೋಗಬೇಕು.

ದಾಲ್ ಮಿಲ್ ಪಟ್ಟಾ (ಕಲಬುರಗಿ)

ಕಾಕಾ ಹೇಳಿದ ಲೆಕ್ಕ ಬರೋಬ್ಬರಿ ಇದೆ. ನಾನು ಮಿಲ್ಲಿನಲ್ಲಿ ಮೆಂಟೆನೆನ್ಸ್ ನೋಡುತ್ತೇನೆ, ಎ ಮತ್ತು ಬಿ ಬೆಲ್ಟು ನಮ್ಮ ದಿನದ ಕೆಲಸ. ಆದರೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಇಷ್ಟೊಂದು ತೊಗರಿ ಬೇಳೆ ಮಿಲ್ಲುಗಳಿರುವ ಊರಿದು. ಎ-30ರಿಂದ ಶುರು ಮಾಡಿ ನೀವು ಕೇಳಿದ ಸೈಜು, ಒಂದೊಂದು ಇಂಚಿನ ಅಂತರದಲ್ಲಿ, ಇಲ್ಲಿ ನಿಂತ ಜಾಗದಲ್ಲೇ ಸಿಗುತ್ತದೆ. ಹಳೆ ಗಾಡಿಗೆ ಅಂತ ಹೈದರಾಬಾದಿಗೆ ಹೋಗಿ ಹುಡುಕುವುದು ಯಾಕೆ? ಡೈನಮೋ, ಫ್ಯಾನು, ವಾಟರ್ ಪಂಪು ಸೇರಿ ಎಳೆಯುವ ಶಕ್ತಿ ನಮ್ಮ ಮಿಲ್ಲಿನ ಮೋಟಾರಿನ ಮುಂದೆ ಭಾಳ ಕಡಿಮೆ. ಒಳ್ಳೆ ಕಂಪನಿಯ ಎ ಬೆಲ್ಟು, ಉದಾಹರಣೆಗೆ ಫೆನ್ನರ್, ಸರಿಯಾದ ಉದ್ದದ್ದು ಹಾಕಿದರೆ ಆರಾಮಾಗಿ ನಡೆಯುತ್ತದೆ ಅಂತ ನನ್ನ ಅಭಿಪ್ರಾಯ.

ವಾಡಿ ಮಿಸ್ತ್ರಿ

ಅಣ್ಣಾ, ಶಕ್ತಿಯ ಲೆಕ್ಕದಲ್ಲಿ ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಬೆಲ್ಟು ಸಾಯುವುದು ಶಕ್ತಿ ಸಾಲದೆ ಅಲ್ಲ, ಬಿಸಿಯಿಂದ ಮತ್ತು ಬಾಗಿ ಬಾಗಿ.

ನಿಮ್ಮ ಮಿಲ್ಲಿನ ಮೋಟಾರು ದಿನವಿಡೀ ಒಂದೇ ಸಮ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಪುಲ್ಲಿಯೂ ದೊಡ್ಡದು, ಸುತ್ತ ಗಾಳಿ ಆಡುತ್ತದೆ. ಗಾಡಿಯಲ್ಲಿ ಹಾಗಲ್ಲ. ಡೈನಮೋ ಪುಲ್ಲಿ ಸಣ್ಣದು, ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಗಿಂತ ಜೋರಾಗಿ ತಿರುಗುತ್ತದೆ. ಇಂಜಿನ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಬೆಲ್ಟು ಪ್ರತಿ ಸುತ್ತಿಗೂ ಆ ಸಣ್ಣ ಪುಲ್ಲಿಯ ಮೇಲೆ ಮಡಚಿ ಬಿಚ್ಚಬೇಕು. ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿ ನೇರ ಅದರ ಮೇಲೆಯೇ ಬೀಳುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 42–43 ಡಿಗ್ರಿ ಇರುವಾಗ ಬಾನೆಟ್ ಒಳಗೆ ಹೇಗಿರುತ್ತದೆ ಯೋಚಿಸಿ.

ಒಳಗೆ ಹಲ್ಲು ಕಡಿದಿರುವುದು ಇದಕ್ಕೇ. ಹಲ್ಲಿರುವ ಬೆಲ್ಟು ಸಣ್ಣ ಪುಲ್ಲಿಯ ಮೇಲೆ ಸುಲಭವಾಗಿ ಬಾಗುತ್ತದೆ, ಒಳಮೈ ಬಿರಿಯುವುದು ಕಡಿಮೆ, ಹಲ್ಲಿನ ನಡುವೆ ಗಾಳಿ ಹರಿದು ತಂಪಾಗುತ್ತದೆ. ಅಂಚಿನ ಮೇಲೆ ಬಟ್ಟೆ ಇರುವುದಿಲ್ಲ, ರಬ್ಬರೇ ಪುಲ್ಲಿಯನ್ನು ಹಿಡಿಯುತ್ತದೆ. ಬಟ್ಟೆ ಸುತ್ತಿದ ಎ ಬೆಲ್ಟು ಹಾಕಿದರೆ ಗಾಡಿ ಓಡುತ್ತದೆ, ಇಲ್ಲ ಅನ್ನುವುದಿಲ್ಲ. ಬಟ್ಟೆ ಸವೆದ ಮೇಲೆ ಜಾರಲು ಶುರುವಾಗುತ್ತದೆ, ಜಾರಿದರೆ ಬಿಸಿ, ಬಿಸಿಯಾದರೆ ಮೈ ಗಟ್ಟಿಯಾಗಿ ಹೊಳೆಯುತ್ತದೆ, ಮತ್ತೆ ಇನ್ನೂ ಜಾರುತ್ತದೆ. ದಾರಿಯಲ್ಲಿ ಸಿಕ್ಕಿಕೊಂಡಾಗ ಊರು ಮುಟ್ಟಲು ಎ ಬೆಲ್ಟು ಸಾಕು. ಮನೆಯಲ್ಲಿ ನಿಂತು ನಿಧಾನವಾಗಿ ಆರಿಸುವಾಗ ಮೋಟಾರು ಗಾಡಿಗೇ ಮಾಡಿದ ಹಲ್ಲಿನ ಬೆಲ್ಟು ತಗೊಳ್ಳಿ. ದರದಲ್ಲಿ ಅಂಥಾ ಫರಕಿಲ್ಲ.

ದಾಲ್ ಮಿಲ್ ಪಟ್ಟಾ

ಬಾಗುವ ವಿಷಯ ಸರಿ. ನಮ್ಮಲ್ಲೂ ಸಣ್ಣ ಪುಲ್ಲಿ ಇರುವ ಕಡೆ ಹಲ್ಲಿನ ಬೆಲ್ಟೇ ಹೆಚ್ಚು ಬಾಳುತ್ತದೆ. ಹಾಗಾದರೆ ಹಲ್ಲಿರುವ ಎ ಬೆಲ್ಟೂ ಬರುತ್ತದೆ, ಅದರ ಮೇಲೆ ಎಎಕ್ಸ್ ಅಂತ ಇರುತ್ತದೆ. ಗಾಡಿಯದು ಸಿಗದೇ ಹೋದರೆ ಅದನ್ನು ನೋಡಬಹುದು. ಆದರೆ ಅದರ ನಂಬರೂ ಒಳ ಅಳತೆ, ಇಂಚಿನಲ್ಲೇ. ಕಾಕಾನ ಲೆಕ್ಕ ಮರೆಯಬೇಡಿ.

ಪದ್ಮಿನಿ ಯಾದಗಿರಿ

ನನ್ನದು ಪ್ರೀಮಿಯರ್ ಪದ್ಮಿನಿ. ಬೇರೆ ಗಾಡಿ, ಬೇರೆ ಇಂಜಿನ್, ಆದರೂ ಇಲ್ಲಿ ಬರೆಯುತ್ತಿದ್ದೇನೆ ಯಾಕೆಂದರೆ ಈ ತೊಂದರೆ ಎಲ್ಲ ಹಳೆ ಗಾಡಿಗೂ ಒಂದೇ. ನನ್ನ ಗಾಡಿಯಲ್ಲಿ ಹಿಂದಿನ ಮಾಲೀಕರು ಡೈನಮೋ ತೆಗೆದು, ಅದೇ ಕೆಲಸ ಮಾಡುವ ಬೇರೆ ಯಾವುದೋ ಗಾಡಿಯ ಆಲ್ಟರ್ನೇಟರ್ ಕೂರಿಸಿದ್ದರು. ಅದರ ಪುಲ್ಲಿ 10 ಮಿಮೀ ಬೆಲ್ಟಿನದು. ಕ್ರ್ಯಾಂಕ್ ಮತ್ತು ಫ್ಯಾನ್ ಪುಲ್ಲಿ ಹಳೆಯದೇ, ಅಗಲ ಜಾಸ್ತಿ. ಅಂಗಡಿಯಲ್ಲಿ ಪದ್ಮಿನಿ ಬೆಲ್ಟು ಅಂತ ಕೊಟ್ಟಿದ್ದು ಆಲ್ಟರ್ನೇಟರ್ ಮೇಲೆ ಅರ್ಧ ಹೊರಗೆ ನಿಲ್ಲುತ್ತಿತ್ತು, ಅಂಚು ಕಿತ್ತು ಬರುತ್ತಿತ್ತು. ಕೊನೆಗೆ ಆಲ್ಟರ್ನೇಟರಿಗೆ ಅಗಲದ ಪುಲ್ಲಿ ಹಾಕಿಸಿದ ಮೇಲೆ ಸರಿಯಾಯಿತು.

ಮಾರ್ಕ್ 3 ಅವರೇ, ಮೂರೂ ಪುಲ್ಲಿಯ ಅಗಲ ಅಳೆದು ನೋಡಿ. ಒಂದನ್ನು ಅಳೆದು ಬಿಡಬೇಡಿ.

ವಾಡಿ ಮಿಸ್ತ್ರಿ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಅಳೆಯುವುದರ ಜೊತೆಗೆ ಪುಲ್ಲಿ ಸವೆದಿದೆಯಾ ಅಂತಲೂ ನೋಡಬೇಕು, ಇದನ್ನು ಭಾಳ ಜನ ಬಿಟ್ಟುಬಿಡುತ್ತಾರೆ.

ವಿ ಬೆಲ್ಟು ಹಿಡಿಯುವುದು ಎರಡು ಪಕ್ಕದ ಗೋಡೆಗಳಿಂದ. ತಳ ಪುಲ್ಲಿಗೆ ತಾಗಲೇಬಾರದು. ಮರ ಸೀಳುವಾಗ ಬೆಣೆ ಬಿಗಿಯುತ್ತದಲ್ಲ, ಹಾಗೆ ಎಳೆದಷ್ಟೂ ಬೆಲ್ಟು ಸಂದಿಯಲ್ಲಿ ಬಿಗಿಯಾಗುತ್ತದೆ. ವರ್ಷಗಟ್ಟಲೆ ತಿರುಗಿದ ಪುಲ್ಲಿಯ ಗೋಡೆಗಳು ಒಳಕ್ಕೆ ತಗ್ಗು ಬೀಳುತ್ತವೆ. ನಮ್ಮ ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟು ಮತ್ತು ಕಲ್ಲಿನ ಧೂಳು ಬೇರೆ, ಅದು ಅರದ ಹಾಗೆಯೇ ತಿನ್ನುತ್ತದೆ. ಆಗ ಬೆಲ್ಟು ಕೆಳಗಿಳಿದು ತಳಕ್ಕೆ ಕೂರುತ್ತದೆ. ತಳಕ್ಕೆ ಕೂತರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ, ಹೊಸ ಬೆಲ್ಟೂ ಕೂಗುತ್ತದೆ.

ನೋಡುವುದು ಹೇಗೆ ಅಂದರೆ, ಬೆಲ್ಟು ತೆಗೆದು ಸಂದಿಯ ತಳ ನೋಡಿ. ತುಕ್ಕು ಅಥವಾ ಧೂಳು ಇದ್ದರೆ ಒಳ್ಳೆಯದು, ಬೆಳ್ಳಿ ಹಾಗೆ ಹೊಳೆಯುತ್ತಿದ್ದರೆ ಬೆಲ್ಟು ಅಲ್ಲಿ ಉಜ್ಜುತ್ತಿದೆ. ಅನುಮಾನ ಇದ್ದರೆ ತಳಕ್ಕೆ ಸೀಮೆಸುಣ್ಣ ಹಚ್ಚಿ, ಹೊಸ ಬೆಲ್ಟು ಹಾಕಿ ಕೈಯಿಂದ ಕೆಲವು ಸುತ್ತು ತಿರುಗಿಸಿ, ತೆಗೆದು ನೋಡಿ. ಸುಣ್ಣ ಅಳಿಸಿದ್ದರೆ ಪುಲ್ಲಿ ಬದಲಿಸಬೇಕು. ಸರಿ ಇರುವ ಪುಲ್ಲಿಯಲ್ಲಿ ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಸಮ ಅಥವಾ ಒಂಚೂರು ಮೇಲೆ ನಿಲ್ಲುತ್ತದೆ.

ಹುಮನಾಬಾದ್ ಸವಾರಿ

ನಾನು ಟ್ಯಾಕ್ಸಿ ಹೊಡೆದವನು, ಅಂಬಾಸಿಡರಿನಲ್ಲೇ. ಬೆಲ್ಟಿನ ದಾರ ಎದ್ದಿದೆ ಅಂದಿರಲ್ಲ, ದಯವಿಟ್ಟು ಆ ಬೆಲ್ಟಿನ ಮೇಲೆ ಊರು ಬಿಟ್ಟು ಹೋಗಬೇಡಿ. ಈ ಗಾಡಿಯಲ್ಲಿ ಒಂದೇ ಬೆಲ್ಟು ಡೈನಮೋನನ್ನೂ ತಿರುಗಿಸುತ್ತದೆ, ವಾಟರ್ ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತದೆ. ಅದು ಹರಿದರೆ ಚಾರ್ಜಿಂಗ್ ನಿಲ್ಲುತ್ತದೆ, ಅದರ ಜೊತೆಗೇ ನೀರು ತಿರುಗುವುದೂ ನಿಲ್ಲುತ್ತದೆ. ಕಮಲಾಪುರ ದಾಟಿ ಹುಮನಾಬಾದ್ ದಾರಿಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಹೀಗಾದ ಗಾಡಿಗಳನ್ನು ಕಂಡಿದ್ದೇನೆ. ಇನ್ನು ಸ್ವಲ್ಪ ದೂರ ಅಂತ ಎಳೆದುಕೊಂಡು ಹೋಗಿ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡವರಿದ್ದಾರೆ.

ಓಡುವಾಗ ಡ್ಯಾಶ್‌ಬೋರ್ಡಿನ ಕೆಂಪು ಇಗ್ನಿಷನ್ ದೀಪ ಹತ್ತಿ ಹಾಗೇ ನಿಂತರೆ ತಕ್ಷಣ ಪಕ್ಕಕ್ಕೆ ಹಾಕಿ ಇಂಜಿನ್ ಬಂದ್ ಮಾಡಿ. ಡೈನಮೋ ಗಾಡಿಯಲ್ಲಿ ನಿಂತಾಗ, ಸ್ಲೋ ಇದ್ದಾಗ ಆ ದೀಪ ಮಿಣುಕುವುದು ಸಹಜ, ರೇಸ್ ಕೊಟ್ಟರೆ ಆರುತ್ತದೆ. ರೇಸ್ ಕೊಟ್ಟರೂ ಆರದಿದ್ದರೆ ಮೊದಲು ಬೆಲ್ಟು ನೋಡಿ. ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿ ಇರುವಾಗ ಮುಟ್ಟಬೇಡಿ.

ಒಂದು ಹೊಸ ಬೆಲ್ಟು, ಎರಡು ಪಾನಾ ಯಾವಾಗಲೂ ಗಾಡಿಯಲ್ಲಿರಲಿ. ಡಿಕ್ಕಿಯಲ್ಲಿ ಜಾಕಿನ ಕೆಳಗೆ ತುರುಕಬೇಡಿ. ಎಣ್ಣೆ ತಾಗದ ಹಾಗೆ ಕವರಿನಲ್ಲಿ ಹಾಕಿ, ಮಡಚದೆ ದುಂಡಗೇ ಇಡಿ. ವರ್ಷಗಟ್ಟಲೆ ಬಿಸಿಯಲ್ಲಿ ಬಿದ್ದ ಬೆಲ್ಟು ಉಪಯೋಗಿಸದೇ ಇದ್ದರೂ ಗಟ್ಟಿಯಾಗುತ್ತದೆ, ಆಗಾಗ ತೆಗೆದು ಬಾಗಿಸಿ ನೋಡುತ್ತಿರಿ.

ಜೇವರ್ಗಿ ರೋಡ್ ಮಾರ್ಕ್ 3

ಎಲ್ಲರಿಗೂ ಧನ್ಯವಾದ. ಗಾಡಿ ನಿಲ್ಲಿಸಿದ್ದೇನೆ, ಬೆಲ್ಟು ಬಿಚ್ಚಿದೆ. ಕ್ರ್ಯಾಂಕ್ ಪುಲ್ಲಿ, ಫ್ಯಾನ್ ಪುಲ್ಲಿ ಎರಡರ ತಳವೂ ಮಣ್ಣು ಹಿಡಿದು ಕಪ್ಪಗಿದೆ. ಡೈನಮೋ ಪುಲ್ಲಿಯ ತಳ ಕನ್ನಡಿ ಹಾಗೆ ಹೊಳೆಯುತ್ತಿದೆ! ಕೂಗುತ್ತಿದ್ದುದು ಇದಕ್ಕೇ ಇರಬೇಕು ಅಲ್ವಾ? ಗೋಡೆಯ ಮೇಲೆ ಉಗುರು ಎಳೆದರೆ ತಗ್ಗು ಗೊತ್ತಾಗುತ್ತದೆ.

ಉದ್ದ ಅಳೆಯಲು ದಾರ ಸುತ್ತಿ ನೋಡಿದೆ. ದಾರ ಸಂದಿಯ ತಳಕ್ಕೆ ಇಳಿಯುತ್ತದೆ, ಹಾಗೆ ಬಂದ ಅಳತೆ ನಂಬಬಹುದಾ?

ಹಳೇಗಾಡಿ ಕಾಕಾ

ನಂಬಬೇಡ. ತೆಳು ದಾರ ತಳದಲ್ಲಿ ಕೂತರೆ ಅಳತೆ ಕಡಿಮೆ ಬರುತ್ತದೆ, ಅದನ್ನೇ ಹೊರ ಅಳತೆ ಅಂದುಕೊಂಡರೆ ಬೆಲ್ಟು ಏರುವುದೇ ಇಲ್ಲ. ಹೇಗೂ ಹಳೆಯ ಬೆಲ್ಟು ಬಿಸಾಕುವುದೇ. ಅಡ್ಡ ಕತ್ತರಿಸಿ ನೆಲದ ಮೇಲೆ ನೇರ ಹಾಸಿ, ಹೊರಮೈ ಟೇಪಿನಿಂದ ಅಳೆ. ಹಳೆಯದು ಎಳೆದು ಸ್ವಲ್ಪ ಉದ್ದವಾಗಿರುತ್ತದೆ, ಅದು ನೆನಪಿರಲಿ. ಹೊಸದು ಹಾಕಿದಾಗ ಡೈನಮೋ ಪಟ್ಟಿಯ ಸೀಳಿನ ನಡುವಿಗೆ ಅಥವಾ ಇಂಜಿನ್ ಕಡೆಗೆ ಸ್ವಲ್ಪ ಒಳಗೆ ನಿಲ್ಲಬೇಕು. ಆಗ ಹೊಸ ಬೆಲ್ಟು ಎಳೆದಾಗ ಹೊರಕ್ಕೆ ಸರಿಸಲು ಜಾಗ ಉಳಿಯುತ್ತದೆ. ಹಳೆಯ ಬೆಲ್ಟಿನಲ್ಲಿ ಡೈನಮೋ ಎಲ್ಲಿ ನಿಂತಿತ್ತು ಅನ್ನುವುದು ಪಟ್ಟಿಯ ಮೇಲಿನ ಬೋಲ್ಟಿನ ಗುರುತಿನಿಂದ ಗೊತ್ತಾಗುತ್ತದೆ. ಹೊರ ತುದಿಗೆ ಹೋಗಿದ್ದರೆ ಅದಕ್ಕಿಂತ ಗಿಡ್ಡದ್ದು ತಗೋ.

ಪುಲ್ಲಿ ಮೊದಲು ಬದಲಿಸು, ಆಮೇಲೆ ಅಳೆ. ಬೇರೆ ಪುಲ್ಲಿಯ ಸುತ್ತಳತೆ ಬೇರೆ ಇದ್ದರೆ ಬೆಲ್ಟಿನ ಉದ್ದವೂ ಬದಲಾಗುತ್ತದೆ. ಡೈನಮೋ ಪುಲ್ಲಿ ಹೈದರಾಬಾದಿನ ರಾಣಿಗಂಜ್ ಕಡೆ ಅಥವಾ ಸೊಲ್ಲಾಪುರದಲ್ಲಿ ಹುಡುಕಿದರೆ ಸಿಗಬಹುದು. ಸಿಗದಿದ್ದರೆ ಲೇತ್‌ನಲ್ಲಿ ಹೊಸದು ಕಡಿಸಬಹುದು. ಹಳೆಯದನ್ನು ಮಾದರಿಗೆ ಕೊಡುವಾಗ ಸವೆದ ಕೋನವನ್ನೇ ನಕಲು ಮಾಡಬಾರದು ಅಂತ ಲೇತಿನವರಿಗೆ ಮೊದಲೇ ಹೇಳು.

ದಾಲ್ ಮಿಲ್ ಪಟ್ಟಾ

ಲೇತ್‌ನಲ್ಲಿ ಮಾಡಿಸುವುದಾದರೆ ಒಂದು ವಿಷಯ. ಬೆಲ್ಟಿನ ಕೋನ 40 ಡಿಗ್ರಿ, ಆದರೆ ಸಂದಿಯನ್ನು 40ಕ್ಕೆ ಕಡಿಯಬಾರದು. ಬೆಲ್ಟು ಸಣ್ಣ ಪುಲ್ಲಿಯ ಮೇಲೆ ಬಾಗಿದಾಗ ಒಳಭಾಗ ಒತ್ತಿಕೊಂಡು ಪಕ್ಕಕ್ಕೆ ಉಬ್ಬುತ್ತದೆ, ಕೋನ ಕಡಿಮೆಯಾಗುತ್ತದೆ. ಅದಕ್ಕೇ ಸಣ್ಣ ಪುಲ್ಲಿಗೆ 34, ದೊಡ್ಡದಕ್ಕೆ 38 ಡಿಗ್ರಿ ಇಡುತ್ತಾರೆ. ಗೋಡೆ ನುಣ್ಣಗಿರಬೇಕು, ಕಟ್ಟರಿನ ಗೆರೆ ಉಳಿದರೆ ಬೆಲ್ಟನ್ನು ಅರೆಯುತ್ತದೆ. ಮಿಲ್ಲಿನ ಕೆಲಸ ಮಾಡುವ ಲೇತಿನವರಿಗೆ ಇದೆಲ್ಲಾ ಗೊತ್ತಿರುತ್ತದೆ, ಅಂಥವರ ಹತ್ತಿರವೇ ಕೊಡಿ.

ಸೇಡಂ ಹುಡುಗ

ನಮ್ಮ ಊರಲ್ಲಿ ಬೆಲ್ಟು ಕೂಗಿದರೆ ಸಾಬೂನು ಉಜ್ಜುತ್ತಾರೆ, ಕೆಲವರು ರಾಳ ಹಾಕುತ್ತಾರೆ. ಹಾಗೆ ಮಾಡಿದರೆ ಆಗಲ್ವಾ? ಇನ್ನೊಂದು, ಜೋರಾಗಿ ಬಿಗಿ ಮಾಡಿಬಿಟ್ಟರೆ ಜಾರುವ ಮಾತೇ ಇಲ್ಲವಲ್ಲ?

ವಾಡಿ ಮಿಸ್ತ್ರಿ

ಎರಡೂ ಬೇಡ ತಮ್ಮಾ. ರಾಳ ಹಳೆಯ ಚಪ್ಪಟೆ ಪಟ್ಟಾಗಳಿಗೆ ಹಾಕುತ್ತಿದ್ದರು. ವಿ ಬೆಲ್ಟಿಗೆ ಹಾಕಿದರೆ ಧೂಳು ಅಂಟಿ ಮೆತ್ತಿಕೊಳ್ಳುತ್ತದೆ, ಕೂಗು ಕೆಲವು ದಿನ ನಿಂತು ಮತ್ತೆ ಬರುತ್ತದೆ. ಕೂಗುವುದು ರೋಗ ಅಲ್ಲ, ರೋಗದ ಸುದ್ದಿ. ಸುದ್ದಿ ಮುಚ್ಚಿ ಏನು ಮಾಡುವುದು?

ಅತಿ ಬಿಗಿ ಮಾಡಿದರೆ ವಾಟರ್ ಪಂಪಿನ ಬೇರಿಂಗೂ ಡೈನಮೋದ ಬೇರಿಂಗೂ ಹೋಗುತ್ತವೆ. ಪಂಪಿನ ಬೇರಿಂಗ್ ಹೋದರೆ ಶಾಫ್ಟು ಅಲುಗಾಡಿ ಸೀಲು ಕಿತ್ತು ನೀರು ಸೋರುತ್ತದೆ. ಕೆಲವು ನೂರು ರೂಪಾಯಿಯ ಬೆಲ್ಟಿಗೆ ಹೋಗಿ ಪಂಪು ಕಳೆದುಕೊಂಡ ಹಾಗಾಗುತ್ತದೆ.

ಕೂಗು ಯಾವುದರಿಂದ ಅಂತ ತಿಳಿಯಲು ಇಂಜಿನ್ ಸ್ಲೋ ಓಡುವಾಗ ಬಾಟಲಿಯಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಕೂಗು ಜಾಸ್ತಿ ಆದರೆ ಬಿಗಿ ಸಾಲದು. ನೀರು ಬಿದ್ದ ಕೂಡಲೇ ನಿಂತು ಒಣಗಿದ ಮೇಲೆ ಮತ್ತೆ ಚಿಕ್ ಚಿಕ್ ಅಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಇದನ್ನು ಮಾಡುವಾಗ ಹೆಗಲ ಮೇಲಿನ ಟವೆಲ್ ತೆಗೆದಿಡಿ, ತೋಳು ಮಡಚಿ, ಕೈ ಫ್ಯಾನಿನಿಂದ ದೂರ ಇರಲಿ. ಹೆಣ್ಣುಮಕ್ಕಳು ಜಡೆ, ದುಪಟ್ಟಾ ಕಟ್ಟಿಕೊಳ್ಳಿ. ಫ್ಯಾನ್ ಯಾರನ್ನೂ ನೋಡುವುದಿಲ್ಲ.

ಜೇವರ್ಗಿ ರೋಡ್ ಮಾರ್ಕ್ 3

ಪುಲ್ಲಿ ಲೇತ್‌ನಲ್ಲಿ ಆಯಿತು, ಸಂದಿ 34 ಡಿಗ್ರಿ. ಹಲ್ಲಿನ ಬೆಲ್ಟೂ ಹೊರ ಅಳತೆ ನೋಡಿ ತಂದೆ. ಕಾಕಾ, ಹಾಕುವ ಕ್ರಮ ಬರೆಯುತ್ತೀರಾ? ಭಾನುವಾರ ಕೂರುತ್ತೇನೆ.

ಹಳೇಗಾಡಿ ಕಾಕಾ

ಇಂಜಿನ್ ತಣ್ಣಗಿರಬೇಕು. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀಲಿ ಜೇಬಲ್ಲಿ. ಬ್ಯಾಟರಿಯ ಅರ್ಥ್ ವೈರ್ ಬಿಚ್ಚು, ಯಾಕೆಂದರೆ ಡೈನಮೋದ ಹಿಂದೆ ಪಾನಾ ಆಡಿಸುವಾಗ ಟರ್ಮಿನಲ್‌ಗೆ ತಾಗಬಾರದು.

ಡೈನಮೋವನ್ನು ಹಿಡಿದಿರುವ ಬೋಲ್ಟುಗಳಲ್ಲಿ ಮೇಲಿನವು ಎರಡು, ಒಂದು ಮುಂದೆ ಒಂದು ಹಿಂದೆ. ಅವುಗಳ ಮೇಲೆ ಡೈನಮೋ ತೂಗುತ್ತದೆ. ಕೆಳಗೆ ಸೀಳಿರುವ ಪಟ್ಟಿಯ ಬೋಲ್ಟು, ಆ ಪಟ್ಟಿ ಇಂಜಿನ್‌ಗೆ ಸೇರುವ ಕಡೆ ಇನ್ನೊಂದು. ಎಲ್ಲವನ್ನೂ ಸಡಿಲಿಸು, ಪೂರ್ತಿ ತೆಗೆಯುವುದು ಬೇಡ. ಎಷ್ಟೋ ಜನ ಪಟ್ಟಿಯ ಬೋಲ್ಟು ಮಾತ್ರ ಸಡಿಲಿಸಿ ಡೈನಮೋವನ್ನು ಜಗ್ಗಾಡುತ್ತಾರೆ, ಬೋಲ್ಟು ಕೂರುವ ಡೈನಮೋದ ಕಿವಿ ಮುರಿಯುವುದು ಆಗಲೇ. ಡೈನಮೋವನ್ನು ಇಂಜಿನ್ ಕಡೆ ಪೂರ್ತಿ ಒತ್ತು.

ಬೆಲ್ಟು ಬಿಚ್ಚಿರುವಾಗ ಮೂರು ಕೆಲಸ ಮಾಡು. ಫ್ಯಾನಿನ ರೆಕ್ಕೆ ಹಿಡಿದು ಹಿಂದೆ ಮುಂದೆ ಅಲುಗಾಡಿಸು, ಆಟ ಇದ್ದರೆ ಪಂಪಿನ ಬೇರಿಂಗ್ ಮುಗಿದಿದೆ, ಅದನ್ನು ಮೊದಲು ಮಾಡಿಸು. ಪಂಪಿನ ಕೆಳಗೆ ಸಣ್ಣ ತೂತಿನ ಹತ್ತಿರ ನೀರಿನ ಕಲೆ ಇದೆಯಾ ನೋಡು. ಡೈನಮೋವನ್ನು ಕೈಯಲ್ಲಿ ತಿರುಗಿಸಿ ಗರಗರ ಅನ್ನುತ್ತದೆಯಾ ಕೇಳು. ಲ್ಯೂಕಾಸ್ ಮಾದರಿಯ ಡೈನಮೋದ ಹಿಂದಿನ ಮುಚ್ಚಳದ ನಡುವೆ ಎಣ್ಣೆ ಹಾಕುವ ತೂತು ಇರುತ್ತದೆ. ಅಲ್ಲಿಗೆ ಇಂಜಿನ್ ಆಯಿಲ್ ಎರಡು ಮೂರು ಹನಿ ಸಾಕು, ಜಾಸ್ತಿ ಹಾಕಿದರೆ ಒಳಗೆ ಬ್ರಷ್ ಕಡೆ ಹೋಗುತ್ತದೆ. ಆಮೇಲೆ ಪುಲ್ಲಿಗಳ ಸಂದಿಯನ್ನು ಒಣ ಬಟ್ಟೆಯಿಂದ ಒರೆಸು. ಎಣ್ಣೆ, ಗ್ರೀಸು ಒಂದು ಚೂರೂ ಇರಬಾರದು.

ಈಗ ಬೆಲ್ಟು. ರೇಡಿಯೇಟರ್ ಮತ್ತು ಫ್ಯಾನಿನ ನಡುವೆ ಇಳಿಸಿ, ಫ್ಯಾನನ್ನು ಕೈಯಿಂದ ತಿರುಗಿಸುತ್ತಾ ಒಂದೊಂದೇ ರೆಕ್ಕೆ ದಾಟಿಸು. ರೇಡಿಯೇಟರಿನ ಜಾಲಿ ಮೆತ್ತಗಿರುತ್ತದೆ, ಅಡ್ಡ ಒಂದು ರಟ್ಟು ಇಟ್ಟುಕೋ. ಕೆಳಗೆ ಕ್ರ್ಯಾಂಕ್ ಪುಲ್ಲಿಗೆ ಕೂರಿಸು, ಫ್ಯಾನ್ ಪುಲ್ಲಿಗೆ ಕೂರಿಸು, ಕೊನೆಗೆ ಡೈನಮೋ. ಕೈಯಿಂದಲೇ ಏರಬೇಕು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಬೆಲ್ಟಿನ ಒಳಗಿರುವ ದಾರಗಳು ಹರಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ಬೇಗ ಕಿತ್ತು ಹೋಗುತ್ತದೆ. ಕೈಯಿಂದ ಏರುತ್ತಿಲ್ಲ ಅಂದರೆ ಬೆಲ್ಟು ಗಿಡ್ಡ, ವಾಪಸ್ ಕೊಡು.

ಬಿಗಿ ಮಾಡುವ ಮೊದಲು ಸಾಲು ನೋಡು. ಉದ್ದದ ಸ್ಟೀಲ್ ಪಟ್ಟಿಯನ್ನು ಕ್ರ್ಯಾಂಕ್ ಪುಲ್ಲಿ ಮತ್ತು ಡೈನಮೋ ಪುಲ್ಲಿಯ ಮುಖಕ್ಕೆ ಹಿಡಿ. ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇದ್ದರೆ ಮುಖ ನೋಡದೆ ಸಂದಿಯ ನಡು ನೋಡಬೇಕು. ಒಂದು ಅಡಿ ದೂರಕ್ಕೆ ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ಓರೆ ಇದ್ದರೆ ಡೈನಮೋದ ಕಿವಿಯ ಹತ್ತಿರ ವಾಷರ್ ಹಾಕಿ ಸರಿ ಮಾಡು. ನಿನ್ನದು ಹೊಸ ಪುಲ್ಲಿ, ಇದನ್ನು ಬಿಡಲೇಬೇಡ.

ಬಿಗಿ ಮಾಡುವಾಗ ಮರದ ಹಿಡಿಕೆ ಅಥವಾ ಟಾಮಿಯನ್ನು (ಕಬ್ಬಿಣದ ಸರಳು) ಡೈನಮೋದ ಮುಂದಿನ ಬ್ರಾಕೆಟ್‌ಗೆ, ಪುಲ್ಲಿಯ ಪಕ್ಕದ ಗಟ್ಟಿ ಭಾಗಕ್ಕೆ ಆನಿಸಿ ಎಳೆ. ನಡುವಿನ ಮೈಗೆ ಆನಿಸಬೇಡ. ಇನ್ನೊಂದು ತುದಿ ಇಂಜಿನ್ ಬ್ಲಾಕಿಗೆ ಇರಲಿ, ಪೈಪಿಗೋ ಫಿಲ್ಟರಿಗೋ ಬೇಡ. ಎಳೆದು ಹಿಡಿದು ಪಟ್ಟಿಯ ಬೋಲ್ಟು ಮೊದಲು ಬಿಗಿ ಮಾಡು, ಆಮೇಲೆ ಮೇಲಿನ ಎರಡು. ಅತಿ ಉದ್ದದ ಓಟದ ನಡುವೆ ಹೆಬ್ಬೆರಳಿನಿಂದ ಸಾಧಾರಣ ಒತ್ತಿದರೆ ಅರ್ಧ ಇಂಚು, ಅಂದರೆ 12–13 ಮಿಮೀ ತಗ್ಗಬೇಕು. ಬೋಲ್ಟು ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಒತ್ತಿ ನೋಡು, ಬಿಗಿಯುವಾಗ ಡೈನಮೋ ಸರಿದಿರುತ್ತದೆ.

ಹ್ಯಾಂಡಲ್ ಹಾಕಿ ಇಂಜಿನ್ ಎರಡು ಸುತ್ತು ಕೈಯಿಂದ ತಿರುಗಿಸಿ ಬೆಲ್ಟು ಎಲ್ಲಾ ಕಡೆ ಸರಿ ಕೂತಿದೆಯಾ ನೋಡು. ಹ್ಯಾಂಡಲ್ ಹೊರಗೆ ತೆಗೆ, ಬ್ಯಾಟರಿ ವೈರ್ ಹಾಕು, ಸ್ಟಾರ್ಟ್ ಮಾಡು. ಹತ್ತು ನಿಮಿಷ ಓಡಿಸಿ ಬಂದ್ ಮಾಡಿ ಮತ್ತೆ ಬಿಗಿ ನೋಡು. ಹೊಸ ಬೆಲ್ಟು ಮೊದಲ 200–300 ಕಿಮೀನಲ್ಲಿ ಎಳೆಯುತ್ತದೆ, ಆಗ ಮತ್ತೊಮ್ಮೆ.

ಪದ್ಮಿನಿ ಯಾದಗಿರಿ

ಕಾಕಾ, ಇಷ್ಟು ಬಿಡಿಸಿ ಯಾರೂ ಹೇಳಿಲ್ಲ. ಬರೆದಿಟ್ಟುಕೊಂಡೆ.

ಜೇವರ್ಗಿ ರೋಡ್ ಮಾರ್ಕ್ 3

ಬೆಲ್ಟು ಹಾಕಿ ಆಯಿತು. ಡೈನಮೋ ಪುಲ್ಲಿ ಸುಮಾರು ಎರಡು ಮಿಲಿಮೀಟರ್ ಮುಂದೆ ಬಂದಿತ್ತು, ವಾಷರ್ ಹಾಕಿ ಸಾಲು ಸರಿ ಮಾಡಿದೆ. ಸೀಮೆಸುಣ್ಣದ ಪರೀಕ್ಷೆ ಮಾಡಿದೆ, ಸುಣ್ಣ ಹಾಗೇ ಇದೆ. ಬೆಳಿಗ್ಗೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಹೆಡ್‌ಲೈಟ್ ಹಾಕಿದೆ, ಒಂದು ಸದ್ದಿಲ್ಲ. ಕೆಂಪು ದೀಪ ಸ್ವಲ್ಪ ರೇಸ್ ಕೊಟ್ಟ ಕೂಡಲೇ ಆರುತ್ತದೆ, ಮೊದಲು ಜಾಸ್ತಿ ರೇಸ್ ಬೇಕಾಗುತ್ತಿತ್ತು. ಅಪ್ಪಾಜಿಯನ್ನು ಕೂರಿಸಿಕೊಂಡು ಶರಣಬಸವೇಶ್ವರ ಗುಡಿಗೆ ಹೋಗಿ ಬಂದೆ, ಇಂಜಿನ್ ಬಿಸಿ ತೋರಿಸುವ ಸೂಜಿ ನಡುವಿನಿಂದ ಮೇಲೆ ಹೋಗಲಿಲ್ಲ.

ನಾನು ಹಾಕಿದ ಬೆಲ್ಟಿನ ನಂಬರ್ ಬೇಕು ಅಂತ ಇಬ್ಬರು ಮೆಸೇಜ್ ಮಾಡಿದ್ದಾರೆ. ಬೇಕಂತಲೇ ಇಲ್ಲಿ ಬರೆಯುತ್ತಿಲ್ಲ, ತಪ್ಪು ತಿಳಿಯಬೇಡಿ. ನನ್ನ ಡೈನಮೋ ಪುಲ್ಲಿ ಲೇತ್‌ನಲ್ಲಿ ಮಾಡಿಸಿದ್ದು. ನಿಮ್ಮದರ ಮೇಲೆ ಬೇರೆ ಇದ್ದರೆ ಆ ನಂಬರ್ ನಿಮಗೆ ಕೂರುವುದಿಲ್ಲ. ಹಳೆಯದನ್ನು ಕತ್ತರಿಸಿ ಹೊರಮೈ ಅಳೆಯಿರಿ, ಮೂರೂ ಪುಲ್ಲಿಯ ಅಗಲ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಹುಮನಾಬಾದ್ ಸವಾರಿ

ಭಾಳ ಖುಷಿ ಆಯಿತು. ಅದೇ ಸೈಜಿನ ಇನ್ನೊಂದು ಈಗಲೇ ತಗೊಂಡು ಗಾಡಿಯಲ್ಲಿಡಿ. ಬೇಕಾದಾಗ ಆ ಅಂಗಡಿಯಲ್ಲಿ ಅದು ಇರುವುದಿಲ್ಲ.

ಸೇಡಂ ಹುಡುಗ

ಬೀದರ್ ಕಾಕಾ, ಮುಂದಿನ ವಾರ ನೀವು ಹೈದರಾಬಾದಿಗೆ ಹೋಗುವುದಿದ್ದರೆ ನಮ್ಮ ಮಾಮಾನ ಡೀಸೆಲ್ ಅಂಬಾಸಿಡರಿಗೂ ಒಂದು ತರುತ್ತೀರಾ?

ಹಳೇಗಾಡಿ ಕಾಕಾ

ತರುತ್ತೇನೆ. ಮೊದಲು ಹೊರ ಅಳತೆ, ಮೂರೂ ಪುಲ್ಲಿಯ ಅಗಲ ಮತ್ತು ಡೈನಮೋ ಪಟ್ಟಿಯ ಮೇಲೆ ಬೋಲ್ಟು ಎಲ್ಲಿ ನಿಂತಿದೆ ಅನ್ನುವುದರ ಫೋಟೋ ಕಳಿಸು. ಮಾಮಾನ ಗಾಡಿಯಲ್ಲಿ ಎಸಿ ಇದ್ದರೆ ಅದನ್ನೂ ಹೇಳು.